ಹಾಲಿನ ಚೀಟಿಯ ಮೇಲೆ ಸರಿಯಾದ ಹೆಸರು: ಗುಬ್ಬಿ ತಾಲ್ಲೂಕಿನ ಒಂದು ಸಂಘದಲ್ಲಿ ಪಿಡಿಎಫ್ ಲೈಬ್ರರಿಯ ಅನುಸ್ಥಾಪನೆ

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿರುವ ನನ್ನ ಊರಿನ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ 2024ರ ಜೂನ್‌ನಿಂದ ಆಗಸ್ಟ್‌ವರೆಗೆ ನಡೆದ ಒಂದು ಕೆಲಸದ ವಿವರವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಸದಸ್ಯರಿಗೆ ಹದಿನೈದು ದಿನಕ್ಕೊಮ್ಮೆ ಕೊಡುವ ಬಟವಾಡೆ ಚೀಟಿಯನ್ನು ಕನ್ನಡದಲ್ಲಿ ಮುದ್ರಿಸಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿತ್ತು. ತುಮಕೂರಿನಲ್ಲಿ ತಂತ್ರಾಂಶದ ಕೆಲಸದಲ್ಲಿರುವ ನನಗೆ ಅದರ ಹೊಣೆ ಬಂತು. ಪಿಡಿಎಫ್ ತಯಾರಿಸುವ ಮುಕ್ತ ತಂತ್ರಾಂಶ ಲೈಬ್ರರಿಯೊಂದನ್ನು (ಲೈಬ್ರರಿ ಎಂದರೆ ಬೇರೆ ಪ್ರೋಗ್ರಾಂಗಳು ಕರೆದು ಬಳಸುವ ಸಿದ್ಧ ತಂತ್ರಾಂಶದ ಭಾಗ) ಸಂಘದ ಕಂಪ್ಯೂಟರಿನಲ್ಲಿ ಅನುಸ್ಥಾಪಿಸಿ, ಅದಕ್ಕೆ ಲೆಕ್ಕದ ಫೈಲನ್ನು ಕೊಟ್ಟು, ಚೀಟಿಗಳನ್ನು ಹೊರತೆಗೆಯುವುದಷ್ಟೇ ಕೆಲಸವೆಂದು ಆರಂಭದಲ್ಲಿ ಅಂದಾಜು ಮಾಡಿದ್ದೆ. ಅದಕ್ಕೆ ಒಂದು ಭಾನುವಾರ ಸಾಕೆಂದೂ ಹೇಳಿದ್ದೆ. ಅಂದಾಜು ಎಲ್ಲಿ ತಪ್ಪಿತು ಎಂಬುದು ಕನ್ನಡದಲ್ಲಿ ಇಂಥ ಕೆಲಸ ಮಾಡಲು ಹೊರಡುವ ಇತರರಿಗೂ ಸಂಬಂಧಿಸಿದ ವಿಷಯವಾದ್ದರಿಂದ ಅದನ್ನೇ ಮುಖ್ಯವಾಗಿ ಬರೆದಿದ್ದೇನೆ.

ಮೊದಲಿದ್ದ ಸ್ಥಿತಿ

ಸಂಘದಲ್ಲಿ ಬೆಳಿಗ್ಗೆ ಮತ್ತು ಸಂಜೆ ಹಾಲು ಅಳೆಯುವಾಗ ಯಂತ್ರವು ಲೀಟರು, ಫ್ಯಾಟು ಮತ್ತು ಎಸ್‌ಎನ್‌ಎಫ್ (ಕೊಬ್ಬನ್ನು ಬಿಟ್ಟು ಉಳಿದ ಘನಾಂಶ) ಮಟ್ಟವನ್ನು ದಾಖಲಿಸುತ್ತದೆ. ಹದಿನೈದು ದಿನಗಳ ಲೆಕ್ಕವನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸಾಲುಗಳ ಸಿಎಸ್‌ವಿ ಫೈಲಾಗಿ ಹೊರತೆಗೆಯಬಹುದು. ಆ ಲೆಕ್ಕದಲ್ಲಿ ಪಶು ಆಹಾರದ ಬಾಕಿ ಮತ್ತು ಇತರ ಕಡಿತಗಳನ್ನು ಕಳೆದು ಉಳಿಯುವ ಮೊತ್ತವನ್ನು ಚೀಟಿಯಲ್ಲಿ ತೋರಿಸಬೇಕು. ಅಲ್ಲಿಯವರೆಗೆ ಚೀಟಿಗಳು ಇಂಗ್ಲಿಷಿನಲ್ಲಿದ್ದವು. ಸದಸ್ಯರಲ್ಲಿ ಹೆಂಗಸರೇ ಹೆಚ್ಚಾಗಿದ್ದು, ಅವರಲ್ಲಿ ಕನ್ನಡ ಓದಬಲ್ಲವರು ಅನೇಕರಿದ್ದರೂ ಇಂಗ್ಲಿಷ್ ಓದಬಲ್ಲವರು ಬೆರಳೆಣಿಕೆಯಷ್ಟು ಮಾತ್ರ. ತಮ್ಮ ಲೆಕ್ಕವನ್ನು ತಾವೇ ಓದಿಕೊಳ್ಳಲಾಗದೆ, ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿಕೊಳ್ಳಬೇಕಾದ ಸ್ಥಿತಿ ಅವರದಾಗಿತ್ತು. ಚೀಟಿ ಕನ್ನಡದಲ್ಲಿರಬೇಕೆಂಬ ಬೇಡಿಕೆಯ ಹಿಂದೆ ಇದ್ದದ್ದು ಭಾಷಾಭಿಮಾನಕ್ಕಿಂತ ಹೆಚ್ಚಾಗಿ ದುಡ್ಡಿನ ಲೆಕ್ಕ ತಮಗೆ ತಿಳಿಯಬೇಕೆಂಬ ಸರಳ ನ್ಯಾಯ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು.

ಕಂಪ್ಯೂಟರಿನಲ್ಲಿ ವಿಂಡೋಸ್ 10 ಇತ್ತು, 4 ಜಿಬಿ ಮೆಮೊರಿ ಇತ್ತು. ಇಂಟರ್ನೆಟ್ ಎಂದರೆ ಕಾರ್ಯದರ್ಶಿಯವರ ಮೊಬೈಲಿನ ಹಾಟ್‌ಸ್ಪಾಟ್ ಮಾತ್ರ. ಹಿಂದೆ ಯಾರೋ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ತಂತ್ರಾಂಶವನ್ನು ಹಾಕಿಟ್ಟಿದ್ದರು. ಈ ಕೊನೆಯ ಅಂಶವನ್ನು ನಾನು ಅನುಕೂಲವೆಂದು ಎಣಿಸಿದೆ. ಅದು ಎಂಥ ತೊಡಕಾಯಿತೆಂಬುದು ಮುಂದೆ ಬರುತ್ತದೆ.

ಮೊದಲ ಪ್ರಯತ್ನ

ಪೈಥಾನ್‌ನಲ್ಲಿ ಪಿಡಿಎಫ್ ತಯಾರಿಸಲು ರಿಪೋರ್ಟ್‌ಲ್ಯಾಬ್ ಎಂಬ ಲೈಬ್ರರಿ ಬಹುಕಾಲದಿಂದ ಬಳಕೆಯಲ್ಲಿದೆ. ಉದಾರವಾದ ಬಿಎಸ್‌ಡಿ ಪರವಾನಗಿಯಲ್ಲಿ ದೊರೆಯುತ್ತದೆ. ಪೈಥಾನ್‌ನ ಅನುಸ್ಥಾಪಕವಾದ ಪಿಪ್‌ಗೆ ಒಂದು ಸಾಲಿನ ಆಜ್ಞೆ ಕೊಟ್ಟರೆ ಕೆಲವೇ ಕ್ಷಣಗಳಲ್ಲಿ ಬಂದು ಕೂರುತ್ತದೆ. ನನಗೂ ಹಾಗೆಯೇ ಆಯಿತು: ಅನುಸ್ಥಾಪನೆ ಯಶಸ್ವಿಯಾಯಿತು ಎಂಬ ಸಂದೇಶ ಬಂತು, ಇಂಗ್ಲಿಷ್ ಚೀಟಿಯ ಮಾದರಿ ಹತ್ತು ನಿಮಿಷದಲ್ಲಿ ಸಿದ್ಧವಾಯಿತು. ಅದೇ ಜಾಗದಲ್ಲಿ ಕನ್ನಡ ಹೆಸರುಗಳನ್ನು ಕೊಟ್ಟಾಗ ಪ್ರತಿ ಅಕ್ಷರಕ್ಕೂ ಒಂದೊಂದು ಕಪ್ಪು ಚೌಕ ಬಂತು.

ಕಪ್ಪು ಚೌಕದ ಕಾರಣ ಸುಲಭ. ಅಡೋಬಿ ಸಂಸ್ಥೆ 1993ರಲ್ಲಿ ಹೊರತಂದು, 2008ರಲ್ಲಿ ಐಎಸ್‌ಒ ಮಾನಕವಾದ ಪಿಡಿಎಫ್ ವಿನ್ಯಾಸದಲ್ಲಿ ಹದಿನಾಲ್ಕು ಮೂಲ ಫಾಂಟುಗಳನ್ನು ಎಲ್ಲೆಡೆ ಇರುವಂಥವೆಂದು ಭಾವಿಸಲಾಗಿತ್ತು. ಹೆಲ್ವೆಟಿಕಾ, ಟೈಮ್ಸ್, ಕೊರಿಯರ್ ಮೊದಲಾದ ಅವುಗಳಲ್ಲಿ ಕನ್ನಡ ಅಕ್ಷರಗಳಿಲ್ಲ. ಬೇರೆ ಫಾಂಟು ಬೇಕಾದವರು ಅದನ್ನು ದಾಖಲೆಯೊಳಗೇ ಸೇರಿಸಿ ಕಳಿಸಬೇಕು. ನೋಟೊ ಸಾನ್ಸ್ ಕನ್ನಡ ಫಾಂಟನ್ನು ತಂದು ಲೈಬ್ರರಿಗೆ ಪರಿಚಯಿಸಿದೆ. ಚೌಕಗಳು ಹೋಗಿ ಕನ್ನಡ ಬಂತು. ಸಂಜೆ ಹಾಲಿನ ಹೊತ್ತಿಗೆ ನಾಲ್ಕೈದು ಮಾದರಿ ಚೀಟಿಗಳನ್ನು ಮುದ್ರಿಸಿ, ಬಂದವರ ಕೈಗೆ ಕೊಟ್ಟೆವು.

ಒಬ್ಬ ಹಿರಿಯ ಸದಸ್ಯೆ ಚೀಟಿಯನ್ನು ದೀಪದ ಕೆಳಗೆ ಹಿಡಿದು ನೋಡಿ, "ಇದು ನಂದಲ್ಲ ಕಣಪ್ಪಾ, ಇನ್ಯಾರ್ದೋ ಕೊಟ್ಟಿದೀಯ" ಎಂದು ಹಿಂದಿರುಗಿಸಿದರು. ಚೀಟಿ ಅವರದೇ ಆಗಿತ್ತು. ಅದರ ಮೇಲಿದ್ದ ಹೆಸರು ಮಾತ್ರ ಅವರು ಬಲ್ಲ ಹೆಸರಾಗಿರಲಿಲ್ಲ.

ತೊಡಕು ಎಲ್ಲಿತ್ತು

ನಮ್ಮ ಕಡೆಯ ಪ್ರತಿಯೊಂದು ಊರಿನಲ್ಲೂ ಇರುವ ಲಕ್ಷ್ಮಮ್ಮ ಎಂಬ ಹೆಸರನ್ನೇ ತೆಗೆದುಕೊಳ್ಳೋಣ. ಓದುವವರ ಕಣ್ಣಿಗೆ ಅದರಲ್ಲಿ ಮೂರೇ ಅಕ್ಷರಗಳಿವೆ: ಲ, ಕ್ಷ್ಮ, ಮ್ಮ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯುನಿಕೋಡ್ ಕ್ರಮದಲ್ಲಿ ಕಂಪ್ಯೂಟರ್ ಶೇಖರಿಸುವಾಗ ಅದು ಒಂಬತ್ತು ಸಂಕೇತಗಳ ಸಾಲಾಗುತ್ತದೆ. ಮೊದಲಿಗೆ ಲ, ಆಮೇಲೆ ಕ, ಹಲಂತ ಚಿಹ್ನೆ, ಷ, ಮತ್ತೆ ಹಲಂತ, ಮ, ಕೊನೆಗೆ ಮ, ಹಲಂತ, ಮ. ಈ ಒಂಬತ್ತನ್ನು ಮೂರು ಅಕ್ಷರಗಳಾಗಿ ಕೂಡಿಸಿ, ಒತ್ತನ್ನು ಕೆಳಗಿಳಿಸಿ, ತಲೆಕಟ್ಟನ್ನು ಬೇಕಾದಲ್ಲಿ ಉಳಿಸಿ ಬೇಡವಾದಲ್ಲಿ ತೆಗೆಯುವ ಕೆಲಸವನ್ನು ಯಾರಾದರೂ ಮಾಡಬೇಕು. ಫಾಂಟಿನೊಳಗೆ ಅದಕ್ಕೆ ಬೇಕಾದ ನಿಯಮಗಳ ಕೋಷ್ಟಕ ಇರುತ್ತದೆ. ಆದರೆ ಕೋಷ್ಟಕ ತಾನಾಗಿ ಕೆಲಸ ಮಾಡುವುದಿಲ್ಲ. ಅದನ್ನು ಓದಿ ಜಾರಿಗೆ ತರುವ ಒಂದು ಯಂತ್ರ ಬೇಕು. ಅಕ್ಷರಜೋಡಣೆಯ ಈ ಕೆಲಸಕ್ಕೆ ಇಂದು ಅತಿ ಹೆಚ್ಚು ಬಳಕೆಯಲ್ಲಿರುವ ಮುಕ್ತ ತಂತ್ರಾಂಶ ಹಾರ್ಫ್‌ಬಝ್. ಆಂಡ್ರಾಯ್ಡ್, ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್ ಎಲ್ಲದರ ಒಳಗೂ ಅದೇ ಇದೆ. ಆಂಡ್ರಾಯ್ಡ್ ಮೊಬೈಲಿನಲ್ಲಿ ಕನ್ನಡ ಸರಿಯಾಗಿ ಕಾಣುವುದು ಅದರ ದೆಸೆಯಿಂದ.

ನಾನು ಹಾಕಿದ್ದ ರಿಪೋರ್ಟ್‌ಲ್ಯಾಬ್ ಈ ಯಂತ್ರವನ್ನು ಕರೆಯದೆ, ಒಂದು ಸಂಕೇತಕ್ಕೆ ಒಂದು ಆಕಾರದಂತೆ ಸಾಲಾಗಿ ಇಡುತ್ತಿತ್ತು. ಹಾಗಾಗಿ ಲ ಆದಮೇಲೆ ತಲೆಕಟ್ಟಿನ ಸಮೇತ ಪೂರ್ತಿ ಕ, ಅದರ ಪಕ್ಕದಲ್ಲಿ ಒಂಟಿ ಹಲಂತ ಚಿಹ್ನೆ, ಮತ್ತೆ ಪೂರ್ತಿ ಷ, ಹೀಗೆ ಬಿಡಿಬಿಡಿಯಾಗಿ ಬಂದವು. ಗುಡಿಸು ಅಕ್ಷರದೊಂದಿಗೆ ಬೆರೆಯದೆ ಪಕ್ಕದಲ್ಲಿ ತೇಲುತ್ತಿತ್ತು. ಚೀಟಿಯ ಕೊನೆಯಲ್ಲಿದ್ದ "ಕಾರ್ಯದರ್ಶಿ" ಎಂಬ ಪದದಲ್ಲಿ ಎರಡು ಅರ್ಕಾವತ್ತುಗಳಿವೆ; ಎರಡೂ ಅಕ್ಷರದ ಬಲಕ್ಕೆ ಹೋಗುವ ಬದಲು ಎಡಕ್ಕೆ ರ ಆಗಿಯೇ ನಿಂತಿದ್ದವು. ಕನ್ನಡವನ್ನು ಬರಹದ ಭಾಷೆಯಾಗಿ ಬಲ್ಲ ಯಾರಿಗೂ ಅದು ಕನ್ನಡವೆಂದು ಅನ್ನಿಸುವಂತಿರಲಿಲ್ಲ. "ಬಿಡಪ್ಪ, ತಪ್ಪು ಕನ್ನಡಕ್ಕಿಂತ ಇಂಗ್ಲಿಷೇ ವಾಸಿ" ಎಂದು ಕಾರ್ಯದರ್ಶಿಯವರು ಅಂದದ್ದು ನ್ಯಾಯವಾಗಿಯೇ ಇತ್ತು.

ನನ್ನ ತಪ್ಪು ಗ್ರಹಿಕೆ ಇಲ್ಲಿತ್ತು: ಎಡಿಟರಿನಲ್ಲಿ ಹೆಸರುಗಳು ಸರಿಯಾಗಿ ಕಾಣುತ್ತಿದ್ದುದರಿಂದ ಪಿಡಿಎಫ್‌ನಲ್ಲೂ ಸರಿಯಾಗಿ ಬರುತ್ತವೆಂದು ನಂಬಿದ್ದೆ. ಪರದೆಯ ಮೇಲೆ ಜೋಡಿಸುವವರು ಬೇರೆ, ಪಿಡಿಎಫ್‌ನೊಳಗೆ ಜೋಡಿಸುವವರು ಬೇರೆ ಎಂಬುದು ಗಮನಕ್ಕೆ ಬಂದಿರಲಿಲ್ಲ. ಪಿಡಿಎಫ್ ತನ್ನಷ್ಟಕ್ಕೆ ಪಠ್ಯವನ್ನು ಜೋಡಿಸುವುದಿಲ್ಲ; ಇಂಥ ಆಕಾರವನ್ನು ಇಂಥ ಜಾಗದಲ್ಲಿ ಇಡು ಎಂದು ಬರೆಯುವವರು ಹೇಳಿದ್ದನ್ನು ಅಷ್ಟೇ ತೋರಿಸುತ್ತದೆ.

ಬೇರೆ ದಾರಿಗಳು

ಸಂಘದ ಹಳೆಯ ಸದಸ್ಯರ ಪಟ್ಟಿ 'ನುಡಿ' ಎಂಬ ಕನ್ನಡ ಬರವಣಿಗೆಯ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿತ್ತು. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ತುಂಡುಗಳನ್ನು ಕೂರಿಸಿರುವುದರಿಂದ ಜೋಡಣಾ ಯಂತ್ರವೇ ಬೇಕಿಲ್ಲ. ರಿಪೋರ್ಟ್‌ಲ್ಯಾಬ್‌ನಲ್ಲೂ ಅದು ಕಣ್ಣಿಗೆ ಸರಿಯಾಗಿ ಬರುತ್ತದೆ. ಅದನ್ನೇ ಬಳಸಿಬಿಡೋಣವೆಂಬ ಸಲಹೆ ಬಂತು, ಮತ್ತು ಆ ವಾರದ ಮಟ್ಟಿಗೆ ಅದು ಕೆಲಸವನ್ನು ಮುಗಿಸುತ್ತಿತ್ತು ಕೂಡ. ನಾನು ಒಪ್ಪಲಿಲ್ಲ. ಆ ಫಾಂಟು ಇಲ್ಲದ ಕಡೆ ಆ ಪಠ್ಯ ಅರ್ಥವಿಲ್ಲದ ಚಿಹ್ನೆಗಳ ಸಾಲು ಮಾತ್ರ. ಅಕಾರಾದಿಯಾಗಿ ಜೋಡಿಸಲು ಬರುವುದಿಲ್ಲ, ಹುಡುಕಲು ಬರುವುದಿಲ್ಲ, ಮೊಬೈಲಿಗೆ ಸಂದೇಶವಾಗಿ ಕಳಿಸಲು ಬರುವುದಿಲ್ಲ. ಆಸ್ಕಿ ಫಾಂಟುಗಳು ಒಂದು ಕಾಲದಲ್ಲಿ ಕನ್ನಡವನ್ನು ಕಂಪ್ಯೂಟರಿಗೆ ತಂದವು ಎಂಬ ಕೃತಜ್ಞತೆ ನನಗಿದೆ. ಆದರೆ ಇಂದು ಹೊಸದಾಗಿ ಕಟ್ಟುವ ವ್ಯವಸ್ಥೆಯನ್ನು ಅವುಗಳ ಮೇಲೆ ಕಟ್ಟಬಾರದು.

ಪಿಎಚ್‌ಪಿ ಭಾಷೆ ಬಲ್ಲವರಿಗೆ ಎಂಪಿಡಿಎಫ್ ಎಂಬ ಲೈಬ್ರರಿ ಇದೆ. ಅದರಲ್ಲಿ ಲೋಹಿತ್ ಕನ್ನಡ ಫಾಂಟ್ ಮತ್ತು ಭಾರತೀಯ ಲಿಪಿಗಳ ಜೋಡಣೆ ಎರಡೂ ಇವೆ. ಜಾವಾದ ಐಟೆಕ್ಸ್ಟ್ ಮುಕ್ತ ಪರವಾನಗಿಯಲ್ಲಿ ಸಿಕ್ಕರೂ ಭಾರತೀಯ ಲಿಪಿಗಳನ್ನು ಜೋಡಿಸುವ ಅದರ ಪೂರಕ ಭಾಗಕ್ಕೆ ವಾಣಿಜ್ಯ ಪರವಾನಗಿ ಕೊಳ್ಳಬೇಕು. ಅನೇಕರು ಹೆಸರಿಸುವ ಡಬ್ಲ್ಯುಕೆಎಚ್‌ಟಿಎಂಎಲ್‌ಟುಪಿಡಿಎಫ್‌ನ ಮೂಲ ಸಂಕೇತದ ಭಂಡಾರವನ್ನು 2023ರಲ್ಲೇ ಆರ್ಕೈವ್ ಮಾಡಿ, ಮುಂದಿನ ಕೆಲಸವನ್ನು ನಿಲ್ಲಿಸಲಾಗಿದೆ. ಬ್ರೌಸರಿನಿಂದಲೇ ಪಿಡಿಎಫ್ ಮಾಡಿಸುವುದು ನಿಜಕ್ಕೂ ಒಳ್ಳೆಯ ದಾರಿ, ಒಂದೆರಡು ಪುಟದ ಕೆಲಸಕ್ಕೆ ನಾನು ಅದನ್ನೇ ಸೂಚಿಸುತ್ತೇನೆ. ಆದರೆ ಸಂಘದ ಆ ಕಂಪ್ಯೂಟರಿನಲ್ಲಿ ಬ್ರೌಸರ್ ತೆರೆದರೆ ಹಾಲಿನ ಲೆಕ್ಕದ ತಂತ್ರಾಂಶ ಕುಂಟುತ್ತಿತ್ತು.

ಕೊನೆಗೆ ಆರಿಸಿಕೊಂಡದ್ದು ವೀಸಿಪ್ರಿಂಟ್. ಅದೂ ಪೈಥಾನ್ ಲೈಬ್ರರಿ, ಅದೂ ಬಿಎಸ್‌ಡಿ ಪರವಾನಗಿಯದು. ವೆಬ್ ಪುಟಗಳ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಬರೆದ ಪುಟವನ್ನು ಪಿಡಿಎಫ್ ಮಾಡುತ್ತದೆ. ಪಠ್ಯವನ್ನು ಜೋಡಿಸಲು ಪ್ಯಾಂಗೊ ಎಂಬ ಲೈಬ್ರರಿಯನ್ನು ಕರೆಯುತ್ತದೆ, ಪ್ಯಾಂಗೊ ಹಾರ್ಫ್‌ಬಝ್ ಅನ್ನು ಕರೆಯುತ್ತದೆ. ನನಗೆ ಬೇಕಾಗಿದ್ದದ್ದು ಈ ಸರಪಣಿಯೇ.

ಎರಡನೆಯ ಅನುಸ್ಥಾಪನೆ

ಪಿಪ್ ಮತ್ತೆ ಯಶಸ್ಸಿನ ಸಂದೇಶವನ್ನೇ ಕೊಟ್ಟಿತು. ಆದರೆ ಮೊದಲ ಓಟದಲ್ಲೇ ಜಿಆಬ್ಜೆಕ್ಟ್ ಎಂಬ ಲೈಬ್ರರಿಯನ್ನು ತೆರೆಯಲಾಗಲಿಲ್ಲ ಎಂಬ ದೋಷ ಬಂತು. ದೋಷದ ಸಂಖ್ಯೆಯನ್ನು ಹದಿನಾರರ ಮಾನದಲ್ಲಿ ಕೊಟ್ಟಿತ್ತು. ದಶಮಾನಕ್ಕೆ ತಂದರೆ 126. ವಿಂಡೋಸ್‌ನ ಲೆಕ್ಕದಲ್ಲಿ ಅದರ ಅರ್ಥ, ಕೇಳಿದ ಘಟಕ ಸಿಗಲಿಲ್ಲ ಎಂದು. ಪಿಪ್ ತರುವುದು ಪೈಥಾನ್ ಭಾಗವನ್ನು ಮಾತ್ರ. ಪ್ಯಾಂಗೊ ಮತ್ತು ಅದು ಆಧರಿಸಿರುವ ಜಿಆಬ್ಜೆಕ್ಟ್‌ನಂಥ ಲೈಬ್ರರಿಗಳು ಸಿ ಭಾಷೆಯಲ್ಲಿ ಬರೆದು ಯಂತ್ರಸಂಕೇತಕ್ಕೆ ತಂದಂಥವು. ಅವು ಬೇರೆ ಕಡೆಯಿಂದ ಬರಬೇಕು. ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿ ಅವು ಸಾಮಾನ್ಯವಾಗಿ ಮೊದಲೇ ಇರುತ್ತವೆ ಅಥವಾ ಒಂದು ಆಜ್ಞೆಗೆ ಬರುತ್ತವೆ. ತುಮಕೂರಿನ ನನ್ನ ಲ್ಯಾಪ್‌ಟಾಪಿನಲ್ಲಿ ಉಬುಂಟು ಇದ್ದುದರಿಂದ ಅಲ್ಲಿ ಈ ತೊಡಕು ಕಾಣಿಸಿಕೊಂಡಿರಲೇ ಇಲ್ಲ. ಕೆಲಸ ನಡೆಯಬೇಕಾದ ಯಂತ್ರದಲ್ಲಿ ಪರೀಕ್ಷಿಸದೆ, ನನ್ನ ಯಂತ್ರದಲ್ಲಿ ಪರೀಕ್ಷಿಸಿ ಬಂದದ್ದರಿಂದ ಎರಡು ಭಾನುವಾರಗಳು ಹೋದವು.

ವಿಂಡೋಸ್‌ಗೆ ಪ್ಯಾಂಗೊ ತರಲು ಎಂಎಸ್‌ವೈಎಸ್2 ಎಂಬ ಕಟ್ಟನ್ನು ಬಳಸುವುದು ವಾಡಿಕೆ. ಹಳೆಯ ಸೂಚನೆಗಳಲ್ಲಿ ಕೈರೊ ಎಂಬ ಚಿತ್ರಣ ಲೈಬ್ರರಿಯನ್ನೂ ಹಾಕಬೇಕೆಂದಿರುತ್ತದೆ. 2021ರಲ್ಲಿ ಬಂದ 53ನೇ ಆವೃತ್ತಿಯಿಂದ ವೀಸಿಪ್ರಿಂಟ್ ಕೈರೊವನ್ನು ಕೈಬಿಟ್ಟು ಪಿಡಿಫ್ ಎಂಬ ತನ್ನದೇ ಸಣ್ಣ ಲೈಬ್ರರಿಯಿಂದ ಪಿಡಿಎಫ್ ಬರೆಯುತ್ತಿರುವುದರಿಂದ ಅದು ಈಗ ಬೇಕಿಲ್ಲ. ಈ ಒಂದು ಮಾತು ಮೊದಲೇ ತಿಳಿದಿದ್ದರೆ ಕಾರ್ಯದರ್ಶಿಯವರ ಮೊಬೈಲಿನ ಒಂದು ದಿನದ ಡೇಟಾ ಉಳಿಯುತ್ತಿತ್ತು.

ಪ್ಯಾಂಗೊ ಬಂದು ಕೂತ ಮೇಲೂ ಲೈಬ್ರರಿ ತೆರೆಯಲಿಲ್ಲ. ಎಲ್ಲಿ ಹುಡುಕಬೇಕೆಂದು ತಿಳಿಸುವ ಪರಿಸರ ಚರವನ್ನು ಹೊಂದಿಸಿದೆ, ಆಗಲೂ ಇಲ್ಲ. ಫೈಲು ಕಣ್ಣೆದುರಿಗೇ ಇತ್ತು. ಒಂದು ಇಡೀ ಸಂಜೆ ಕಳೆದ ಮೇಲೆ ನಾನು ದೋಷದ ಸಂಖ್ಯೆಯನ್ನು ಮತ್ತೊಮ್ಮೆ ಗಮನವಿಟ್ಟು ಓದಿದಾಗ ಅದು ಬದಲಾಗಿದ್ದುದು ಕಂಡಿತು: ಈಗ 193. ಘಟಕ ಸಿಕ್ಕಿದೆ, ಆದರೆ ಈ ಪ್ರೋಗ್ರಾಂಗೆ ಹೊಂದುವ ಬಗೆಯದಲ್ಲ ಎಂದು ಅದರ ಅರ್ಥ. ಹಿಂದೆ ಯಾರೋ ಹಾಕಿಟ್ಟಿದ್ದ ಪೈಥಾನ್ 32 ಬಿಟ್‌ನದು, ನಾನು ತಂದ ಪ್ಯಾಂಗೊ 64 ಬಿಟ್‌ನದು. ಒಂದೇ ಓಟದೊಳಗೆ ಇವೆರಡು ಸೇರುವುದಿಲ್ಲ. ಹಳೆಯ ಪೈಥಾನ್ ತೆಗೆದು 64 ಬಿಟ್‌ನದನ್ನು ಹಾಕಿ, ಈ ಕೆಲಸಕ್ಕೆಂದೇ ಒಂದು ಪ್ರತ್ಯೇಕ ವರ್ಚುವಲ್ ಪರಿಸರ ಮಾಡಿ, ಅದರೊಳಗೆ ವೀಸಿಪ್ರಿಂಟ್ ಅನುಸ್ಥಾಪಿಸಿದ ಕೂಡಲೇ ಮೊದಲ ಪುಟ ಬಂತು. ಲಕ್ಷ್ಮಮ್ಮ ಎಂಬ ಹೆಸರು ಮೂರೇ ಅಕ್ಷರಗಳಾಗಿ, ಷ ಒತ್ತು ಮ ಒತ್ತುಗಳ ಸಮೇತ ಪರದೆಯ ಮೇಲೆ ನಿಂತದ್ದನ್ನು ನೋಡಿದ ಸಂತೋಷ ನನಗೆ ಇನ್ನೂ ನೆನಪಿದೆ.

ಮತ್ತೆ ಇಂಟರ್ನೆಟ್ಟನ್ನು ನೆಚ್ಚುವಂತಿರಬಾರದೆಂದು, ಬೇಕಾದ ಎಲ್ಲ ಕಟ್ಟುಗಳನ್ನು ಪಿಪ್‌ನಿಂದಲೇ ಒಂದು ಪೆನ್‌ಡ್ರೈವ್‌ಗೆ ಇಳಿಸಿಕೊಂಡೆ. ಇದನ್ನು ಅದೇ ವಿಂಡೋಸ್‌ನಲ್ಲಿ, ಅದೇ ಪೈಥಾನ್ ಆವೃತ್ತಿಯಿಂದ ಮಾಡಬೇಕು. ಕೆಲವು ಕಟ್ಟುಗಳು ಯಂತ್ರಕ್ಕೂ ಪೈಥಾನ್ ಆವೃತ್ತಿಗೂ ಅನುಗುಣವಾಗಿ ಬೇರೆಬೇರೆಯಾಗಿರುತ್ತವೆ. ಪ್ರತಿಯೊಂದರ ಆವೃತ್ತಿ ಸಂಖ್ಯೆಯನ್ನೂ ಒಂದು ಫೈಲಿನಲ್ಲಿ ಬರೆದಿಟ್ಟೆ.

ಫಾಂಟು ಮತ್ತು ಹೆಸರುಗಳು

ಪ್ಯಾಂಗೊಗೆ ಹೇಳಿದ ಫಾಂಟು ಸಿಗದಿದ್ದರೆ ಅದು ದೂರು ಹೇಳದೆ ಯಂತ್ರದಲ್ಲಿರುವ ಬೇರೆ ಕನ್ನಡ ಫಾಂಟನ್ನು ಬಳಸಿಕೊಳ್ಳುತ್ತದೆ. ಹಾಗಾಗಿ ನನ್ನಲ್ಲಿ ಸರಿಯಾಗಿದ್ದ ಚೀಟಿ ಸಂಘದಲ್ಲಿ ಬೇರೆ ಅಗಲದ ಅಕ್ಷರಗಳಿಂದ ಬಂದು ಮೊತ್ತದ ಕಾಲಂ ಪುಟದಾಚೆ ಹೋಯಿತು. ಫಾಂಟ್ ಫೈಲನ್ನು ಪ್ರೋಗ್ರಾಂನ ಫೋಲ್ಡರಿನಲ್ಲೇ ಇಟ್ಟು, ಪುಟದ ಶೈಲಿಯಲ್ಲಿ ಅದರ ವಿಳಾಸವನ್ನು ನೇರವಾಗಿ ಕೊಟ್ಟ ಮೇಲೆ ಸರಿಹೋಯಿತು. ಕಾರ್ಯದರ್ಶಿಯವರಿಗೆ ಗುಬ್ಬಿ ಎಂಬ ಹೆಸರಿನ ಮುಕ್ತ ಕನ್ನಡ ಫಾಂಟೇ ಇದೆಯೆಂದು ಹೇಳಿದಾಗ, ನಮ್ಮ ತಾಲ್ಲೂಕಿನ ಹೆಸರಿನದನ್ನೇ ಹಾಕೋಣವೆಂದು ಆಸೆಪಟ್ಟರು. ಪಾವತಿಸುವ ಮೊತ್ತವನ್ನು ದಪ್ಪ ಅಕ್ಷರದಲ್ಲಿ ತೋರಿಸಬೇಕಿದ್ದುದರಿಂದ, ಹಲವು ದಪ್ಪಗಳಲ್ಲಿ ಸಿಗುವ ನೋಟೊವನ್ನೇ ಉಳಿಸಿಕೊಂಡೆವು. ಅದರ ಮುಕ್ತ ಫಾಂಟ್ ಪರವಾನಗಿ ದಾಖಲೆಯೊಳಗೆ ಸೇರಿಸಲೂ ಹಂಚಲೂ ಅವಕಾಶ ಕೊಡುತ್ತದೆ.

ಹೆಸರುಗಳ ಪಟ್ಟಿಯನ್ನು ಆಸ್ಕಿಯಿಂದ ಯುನಿಕೋಡ್‌ಗೆ ಪರಿವರ್ತಿಸುವುದು ಬೇರೆಯೇ ಕೆಲಸವಾಯಿತು. ಆಸ್ಕಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ ಇರುತ್ತದೆ. ಯುನಿಕೋಡ್‌ನಲ್ಲಿ ಉಚ್ಚಾರದ ಕ್ರಮದಲ್ಲಿ, ಅಕ್ಷರದ ಮೊದಲು. ಪರಿವರ್ತಕ ಇದನ್ನು ಸರಿಯಾಗಿ ಹಿಂದಕ್ಕೆ ತರಬೇಕು, ಕೆಲವೆಡೆ ತಂದಿರಲಿಲ್ಲ. ನೂರೆಂಬತ್ತಕ್ಕೂ ಹೆಚ್ಚು ಹೆಸರುಗಳನ್ನು ಹಾಲು ಪರೀಕ್ಷಕರೊಂದಿಗೆ ಕೂತು ಒಂದೊಂದಾಗಿ ಗಟ್ಟಿಯಾಗಿ ಓದಿ ತಿದ್ದಿದೆವು. ಇದಕ್ಕೆ ಬದಲಿ ದಾರಿ ಇದೆಯೆಂದು ನನಗನ್ನಿಸುವುದಿಲ್ಲ; ಮನುಷ್ಯರ ಹೆಸರನ್ನು ಆ ಮನುಷ್ಯರನ್ನು ಬಲ್ಲವರೇ ಓದಿ ನೋಡಬೇಕು.

ಒಂದು ತಪ್ಪನ್ನು ನಾನೇ ಉಂಟುಮಾಡಿದ್ದೆ. ಹೆಸರುಗಳಲ್ಲಿ ಅನಗತ್ಯ ಖಾಲಿ ಜಾಗಗಳನ್ನೂ ಕಾಣದ ಚಿಹ್ನೆಗಳನ್ನೂ ತೆಗೆಯಲು ಬರೆದ ಸಾಲೊಂದು ಶೂನ್ಯ ಅಗಲದ ಬೇರ್ಪಡಿಕೆಯ ಚಿಹ್ನೆಯನ್ನೂ ಕಸವೆಂದು ತೆಗೆಯುತ್ತಿತ್ತು. ಆ ಚಿಹ್ನೆ ಇರುವುದರಿಂದಲೇ ರಾಜ್‌ಗೋಪಾಲ್ ಎಂಬುದು ಹಾಗೆ ಕಾಣುತ್ತದೆ. ಅದಿಲ್ಲದಿದ್ದರೆ ರಾಜ್ಗೋಪಾಲ್ ಆಗುತ್ತದೆ. ಕಣ್ಣಿಗೆ ಕಾಣದ್ದು ಕನ್ನಡದಲ್ಲಿ ಕಸವಲ್ಲ. ಇದಲ್ಲದೆ, ಎಕ್ಸೆಲ್‌ನಲ್ಲಿ ಸಿಎಸ್‌ವಿಯನ್ನು ಯುಟಿಎಫ್-8 ಎಂಬ ಯುನಿಕೋಡ್ ರೂಪದಲ್ಲಿ ಉಳಿಸದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ. ಹಾಗೆ ಉಳಿಸಿದಾಗ ಫೈಲಿನ ಆರಂಭದಲ್ಲಿ ಸೇರುವ ಗುರುತಿನಿಂದ ಮೊದಲ ಕಾಲಂನ ಹೆಸರು ಹೊಂದದೆ ಹೋಗುತ್ತದೆ. ಪೈಥಾನ್‌ನಲ್ಲಿ ಆ ಗುರುತನ್ನು ಬಿಟ್ಟು ಓದುವ ಕ್ರಮವನ್ನು ಸ್ಪಷ್ಟವಾಗಿ ಹೇಳಬೇಕು.

ಅಂಕಿಗಳನ್ನು ಕನ್ನಡ ಅಂಕಿಗಳಲ್ಲಿ ಮುದ್ರಿಸಬೇಕೇ ಎಂಬ ಚರ್ಚೆಯೂ ನಡೆಯಿತು. ಹಾಲಿನ ಯಂತ್ರದ ಪರದೆ, ಬ್ಯಾಂಕ್ ಪಾಸ್‌ಬುಕ್, ಬಸ್ ಟಿಕೆಟ್ ಎಲ್ಲದರಲ್ಲೂ ಇರುವ ಅಂಕಿಗಳನ್ನೇ ಉಳಿಸಲು ಸದಸ್ಯರು ಹೇಳಿದರು.

ಜಾರಿಗೆ ಬಂದ ಮೇಲೆ

ಆಗಸ್ಟ್‌ನ ಎರಡನೆಯ ಬಟವಾಡೆಯಿಂದ ಎಲ್ಲರಿಗೂ ಕನ್ನಡ ಚೀಟಿ ಹೋಗುತ್ತಿದೆ. ಒಂದು ಎ4 ಹಾಳೆಯಲ್ಲಿ ನಾಲ್ಕು ಚೀಟಿಗಳು. ಮೊದಲು ಪ್ರತಿ ಸದಸ್ಯರಿಗೂ ಬೇರೆ ಪಿಡಿಎಫ್ ಮಾಡುತ್ತಿದ್ದುದು ಬಹಳ ನಿಧಾನವಾಗುತ್ತಿತ್ತು. ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿದ ಮೇಲೆ ಆ ಹಳೆಯ ಕಂಪ್ಯೂಟರಿನಲ್ಲೂ ಚಹಾ ಕುಡಿದು ಬರುವಷ್ಟರಲ್ಲಿ ಮುಗಿಯುತ್ತದೆ. ಒಂದು ಕೊರತೆ ಉಳಿದಿದೆ. ಪಿಡಿಎಫ್‌ನಿಂದ ಕನ್ನಡ ಹೆಸರನ್ನು ನಕಲು ಮಾಡಿದರೆ ಕೆಲವೊಮ್ಮೆ ಸಂಕೇತಗಳ ಕ್ರಮ ಏರುಪೇರಾಗುತ್ತದೆ, ಏಕೆಂದರೆ ಜೋಡಣೆಯಾದ ಆಕಾರಗಳಿಂದ ಮೂಲ ಸಂಕೇತಗಳಿಗೆ ನೇರವಾದ ಒಂದಕ್ಕೊಂದು ಹೊಂದಿಕೆ ಇರುವುದಿಲ್ಲ. ಆದ್ದರಿಂದ ಲೆಕ್ಕದ ಮೂಲ ದಾಖಲೆಯಾಗಿ ಸಿಎಸ್‌ವಿ ಫೈಲನ್ನೇ ಕಾಪಾಡಬೇಕೆಂದು ಮಂಡಳಿಗೆ ಬರೆದುಕೊಟ್ಟಿದ್ದೇನೆ.

ಅನುಸ್ಥಾಪನೆಯ ಕ್ರಮವನ್ನು ಎರಡು ಪುಟದಲ್ಲಿ ಕನ್ನಡದಲ್ಲೇ ಬರೆದು, ಪೆನ್‌ಡ್ರೈವ್ ಸಮೇತ ಸಂಘದ ಬೀರುವಿನಲ್ಲಿ ಇಟ್ಟು ಬಂದೆ. ಕೊನೆಯ ಸಾಲಿನಲ್ಲಿ, ಯಶಸ್ಸಿನ ಸಂದೇಶ ಬಂದ ಮೇಲೆ ಪರೀಕ್ಷಾ ಚೀಟಿಯೊಂದನ್ನು ಮುದ್ರಿಸಿ, ಲಕ್ಷ್ಮಮ್ಮ, ಕಾರ್ಯದರ್ಶಿ, ರಾಜ್‌ಗೋಪಾಲ್ ಎಂಬ ಮೂರು ಪದಗಳನ್ನು ಓದಿ ನೋಡಬೇಕೆಂದು ಬರೆದಿದ್ದೆ. ನವೆಂಬರ್‌ನಲ್ಲಿ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಕೆಟ್ಟು ಹೊಸದನ್ನು ಹಾಕಿಸಬೇಕಾಯಿತು. ಅಲ್ಲಿ ಲೆಕ್ಕ ಬರೆಯುವ ಹುಡುಗಿ ಆ ಎರಡು ಪುಟಗಳನ್ನು ಮುಂದಿಟ್ಟುಕೊಂಡು ತಾನೊಬ್ಬಳೇ ಎಲ್ಲವನ್ನೂ ಮತ್ತೆ ಅನುಸ್ಥಾಪಿಸಿ, ಪರೀಕ್ಷಾ ಚೀಟಿಯ ಫೋಟೊವನ್ನು ನನಗೆ ಕಳಿಸಿದಳು. ಮೂರು ಪದಗಳೂ ಸರಿಯಾಗಿದ್ದವು.